ಎರಡು ಮಳೆ ತನಕ

ಲೈನಿಗೆ ತಾಗುತ್ತದೆಂದು ಕರೆಂಟಿನವರು ಹಲಸು ಕಡಿದರು.
ಹಿತ್ತಿಲು ಈಗ ಸೆರಗು ಜಾರಿದ ಹಾಗೆ.
ವಾಸ್ಕೋದ ನರ್ಸರಿಯವನೆಂದ:
ಬಿದಿರು ಹಾಕಿ ಬಾಯಿ, ಎರಡು ಮಳೆ ಸಾಕು.
ನುಗ್ಗೆ ಬೇಗ, ಆದರೆ ಮರೆಯಿಲ್ಲ, ಕಂಬಳಿಹುಳ ಬೇರೆ.

ಆಚೆ ಎರ್ಮೆಲಿಂಡಾಳ ಅಡುಗೆಮನೆ.
ಹನ್ನೊಂದು ವರ್ಷ ಬರೀ
ಹುರಿದ ಬಂಗುಡೆಯ ವಾಸನೆಯಾಗಿದ್ದವಳು
ನಿನ್ನೆ ಕಂಡಳು, ನಲ್ಲಿ ಜೋರಾಗಿ ಬಿಟ್ಟು
ಗೋಡೆಗೆ ಹಣೆಯೊತ್ತಿ ಅಳುತ್ತ.
ತಂತಿಯ ಮೇಲಿನ ಸೀರೆಯ ಹಿಂದೆ
ಕುಕ್ಕರಿಸಿದೆ, ಕದ್ದವಳ ಹಾಗೆ.

ಸಂಜೆ ನಾಲ್ಕು ಬಿದಿರು ತಂದೆ,
ಒಂದು ಬಸಳೆ ಕುಡಿ. ಅದಾದರೆ ತಿಂಗಳಲ್ಲೇ ಹಬ್ಬುತ್ತದೆ.
ಗುದ್ದಲಿಯ ಸದ್ದಿಗೆ ಅವಳು ಕಿಟಕಿಗೆ ಬಂದಳು:
ನಮ್ಮ ಮುಖ ಬೇಡವಾಯಿತೇ?
ಬಿಸಿಲು ಜಾಸ್ತಿ, ಎಂದೆ.

ಸೀರೆ ಒಣಗಿ ಎರಡು ದಿನ.
ಮಡಚಲು ಹೋಗಿಲ್ಲ ಇನ್ನೂ.