ಮೂಲೆಯ ನಾಲ್ಕು ಚೀಲ

ಜನವರಿ ಎರಡನೇ ವಾರ, ರಾತ್ರಿ ಒಂದೂವರೆಗೆ
ಅಮ್ಮತ್ತಿಯ ನಮ್ಮ ಕಣದ ಮೇಲೆ ಮಳೆ.
ಹೋದ ಮಾರ್ಚಿನಲ್ಲಿ ಮೊಗ್ಗು ಬಾಯಿಬಿಟ್ಟು ಬೇಡುವಾಗ
ಕಾಯಿಸಿ ಕಾಯಿಸಿ ಕೈಕೊಟ್ಟಿತ್ತಲ್ಲ,
ಅದೇ.

ಲೈನ್‌ಮನೆಯಿಂದ ಬೊಳ್ಳಿ ಓಡಿಬಂದಳು, ತಲೆಗೆ ಗೋಣಿ.
ನಾನು ಬರಿಗಾಲಲ್ಲಿ.
ಟಾರ್ಪಾಲಿನ ಒಂದು ತುದಿ ಅವಳ ಕೈಲಿ, ಒಂದು ನನ್ನ ಕೈಲಿ,
ಉಳಿದೆರಡು ಗಾಳಿಯ ಕೈಲಿ.
ಒಂಬತ್ತು ದಿನ ಗೋರುಮಣೆ ಎಳೆದು ತಿರುವಿದ ರೋಬಸ್ಟಾ ಚೆರಿ,
ಇನ್ನೆರಡು ಬಿಸಿಲು ಸಿಕ್ಕಿದ್ದರೆ
ಮುಷ್ಟಿಯೊಳಗೆ ಗಲಗಲ ಅನ್ನುತ್ತಿತ್ತು.
ಮೂಲೆಯಲ್ಲಿ ನಾಲ್ಕು ಚೀಲದಷ್ಟು ನೆನೆದೇ ಹೋಯಿತು.

ಮೊಯ್ದು ಬಂದ. ಅವನಿಗೆ ತಕ್ಕಡಿಗಿಂತ ಮೊದಲು ಹಲ್ಲು.
ಒಂದು ಬೇಳೆ ಕಚ್ಚಿದ, ಇನ್ನೊಂದು ಮೂಸಿದ,
ಸ್ಯಾಂಪಲ್ ಕುಟ್ಟಿ, ಕೇರಿ, ತೂಗಿ
"ಐವತ್ತಕ್ಕೆ ಇಪ್ಪತ್ತಾರು, ಚೊಕ್ಕ ಮಾಲು" ಅಂದ.
"ಆ ಮೂಲೆಯದು ಮಾತ್ರ ಬೇಡ ಅಕ್ಕಾ. ಹೆಂಡದ ವಾಸನೆ."

ಬೇಡವಾದದ್ದನ್ನು ಬೊಳ್ಳಿ ಒಡಕು ಮಡಕೆಯ ಓಡಿನಲ್ಲಿ ಹುರಿದಳು.
ಹೊಗೆ ಕಣ್ಣಿಗೆ, ಚಟಪಟ ಕಿವಿಗೆ.
ಒರಳಲ್ಲಿ ಕುಟ್ಟಿ, ಬೆಲ್ಲ ಹಾಕಿ, ಹಾಲಿಲ್ಲದೆ.

ಮೊದಲ ಗುಟುಕಿಗೆ, ಮರದಡಿ ಬಿದ್ದು ಒಡೆದ ಹಲಸು.
ಆಮೇಲೆ ಒದ್ದೆ ಗೋಣಿ, ಬಳ್ಳಿಯಿಂದ ಈಗಷ್ಟೇ ಇಳಿಸಿದ ಮೆಣಸು.
ತುಂಬಾ ತಡವಾಗಿ, ನಾಲಗೆಯ ಹಿಂಬದಿಗೆ,
ಟಾರ್ಪಾಲು.

"ಆ ರಾತ್ರಿ ನೀವು ಬೈದದ್ದೂ ಇದೆ ಇದರಲ್ಲಿ"
ಅಂದಳು ಬೊಳ್ಳಿ, ಒಲೆಯ ಕಡೆ ನೋಡುತ್ತ.

ಬೈದಿದ್ದೆ. ತುದಿ ಬಿಟ್ಟೆಯೆಂದು.
ಬಿಟ್ಟದ್ದು ನಾನು.
ಲೋಟ ಚಾಚಿದೆ.
ಇನ್ನರ್ಧ ಹೊಯ್ದಳು,
ಈ ಸಲ ಬೆಲ್ಲ ಕೇಳದೆಯೇ ಹೆಚ್ಚು.