ನೆಲವಿಲ್ಲದ ಮನೆಗಳು

ಮಂಗಳವಾರ, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ
ಹಳೆಯ ಉಣ್ಣೆ ಗೋದಾಮಿನ ತಗಡುಬಾಗಿಲು ಸರಿಸಿದರೆ
ಎಂದೋ ಹೋದ ಕುರಿಗಳ ವಾಸನೆ ಮೊದಲು,
ಆಮೇಲೆ ಮ್ಯಾಕ್ರೊಕಾರ್ಪ ಹಲಗೆಯ ಘಾಟು.
ಒಟಾಗೋ ಕರಾವಳಿಯ ಈ ಊರಿನಲ್ಲಿ
ರೈಲು ನಿಲ್ಲುವುದಿಲ್ಲ. ಗಾಳಿ ನಿಲ್ಲುತ್ತದೆ,
ತಿಂಗಳುಗಟ್ಟಲೆ, ಬಾಡಿಗೆ ಕೊಡದೆ.

ನಾವು ಹದಿನಾಲ್ಕು ಜನ,
ಬೆರಳು ನೂರಾ ಮೂವತ್ತೊಂಬತ್ತೂವರೆ.
ಆ ಅರ್ಧ ಹೋದದ್ದು ಬೆವನ್‌ನದು.
ಗರಗಸದ ಯಂತ್ರದ ಮೇಲೆ ಅವನೇ ಬರೆದು ಅಂಟಿಸಿದ್ದಾನೆ:
‘ಇದಕ್ಕೆ ಹಸಿವು ಹೆಚ್ಚು, ನಾಚಿಕೆ ಕಡಿಮೆ.’

ನಾನು ಶಾಲಾ ಬಸ್ಸು ಓಡಿಸುತ್ತಿದ್ದವಳು.
ಕಾಲು ಮುರಿದ ಸ್ಟೂಲೊಂದನ್ನು ಹಿಡಿದು ಬಂದೆ.
ಅದು ನಿಂತಿತು, ನಾನೂ ನಿಂತುಬಿಟ್ಟೆ.
ಈಗ ಖಜಾಂಚಿ; ಅಂದರೆ ಒಂದೇ ಡಬ್ಬಿಯಲ್ಲಿ
ಚಿಲ್ಲರೆಗೂ ಬಿಸ್ಕತ್ತಿಗೂ ಜಗಳವಾಗದಂತೆ ನೋಡುವವಳು.

ಆ ಚಳಿಗಾಲ ಕೈತುಂಬ ಕೆಲಸ.
ಗ್ರಂಥಾಲಯದ ಹಿಂಬಾಗಿಲಿಗೆ ಗಾಲಿಕುರ್ಚಿ ಏರುವ ಇಳಿಜಾರು,
ಆಸ್ಪತ್ರೆಯ ಮಕ್ಕಳಿಗೆ ಅರವತ್ತು ಮರದ ರೈಲು
(ಇಲ್ಲಿ ನಿಲ್ಲುವುದು ಅವಷ್ಟೇ),
ಎರಡು ಸಲ ಕಳುವಾದ ದೋಣಿಕಟ್ಟೆಯ ಬೆಂಚು, ಮೂರನೆಯ ಸಲ.
ಅದರ ನಡುವೆ ಬಂದಳು ಮೆರೆಯಾನ,
ಪೆಂಗ್ವಿನ್‌ಗಳ ಲೆಕ್ಕ ಇಡುವವಳು.
‘ಪುಟ್ಟ ನೀಲಿಯವು, ನಮ್ಮ ಕೊರೊರಾ,
ರೈಲುಹಳಿಯ ಕಲ್ಲುಸಂದಿಯಲ್ಲಿ ಮೊಟ್ಟೆ ಇಡುತ್ತಿವೆ.
ಇಪ್ಪತ್ತನಾಲ್ಕು ಗೂಡು ಬೇಕು, ಆಗಸ್ಟಿನೊಳಗೆ’
ಎಂದು ಲಕೋಟೆಯ ಬೆನ್ನ ಮೇಲೆ ಚಿತ್ರ ಬರೆದಿಟ್ಟು ಹೋದಳು.
ಅದರ ಮೇಲೆ ಯಾರದೋ ಚಹಾ ಚೆಲ್ಲಿತು.

ಫರ್ಗಸ್ ಡ್ರೆವರ್ ಮೊಳೆ ಮುಟ್ಟುವವನಲ್ಲ.
‘ಉಪ್ಪುಗಾಳಿಗೆ ಮೊಳೆ ತುಕ್ಕಿನ ಕಣ್ಣೀರು ಹಾಕುತ್ತದೆ’ ಎಂದ.
ಮೂಲೆಮೂಲೆಗೂ ಹಕ್ಕಿಬಾಲದ ಜೋಡಣೆ,
ಕೂದಲು ತೂರದಷ್ಟು ಬಿಗಿ.
ಬಾಗಿಲಿಗೆ ಮೋಟು ಸುರಂಗ, ಎತ್ತಿದರೆ ಏಳುವ ಮುಚ್ಚಳ,
ಒಳಗೆ ನೆಲ: ಒಂದಿಷ್ಟೇ ಓರೆ,
ಒದ್ದೆ ಹಕ್ಕಿಯ ಮೈನೀರು ಹರಿಯಲೆಂದು
ಅಂಚಿಗೊಂದು ಕಾಲುವೆ, ಕಿರುಬೆರಳಗಲ.
ಶಾಲೆ ಬಿಟ್ಟ ಮೇಲೆ ಹನ್ನೊಂದು ವರ್ಷದ ತಿಯಾ ಬಂದು
ಕಾದ ಕಬ್ಬಿಣದಿಂದ ಅಂಕೆ ಸುಟ್ಟಳು,
ಮುಚ್ಚಳಕ್ಕೊಂದು, ನೆಲಕ್ಕೊಂದು.
ಯಾವುದೂ ಯಾವುದಕ್ಕೂ ತಪ್ಪಬಾರದಂತೆ.

ಮೆರೆಯಾನ ಗಾಡಿ ತಂದು
ಒಂದನ್ನು ಬೋರಲು ಹಾಕಿ ತಟ್ಟಿದಳು.
‘ಇದೇನು?’
‘ನೆಲ.’
‘ಇಡುವುದೇ ನೆಲದ ಮೇಲಲ್ಲವೇ?
ಅವು ಕೆರೆಯಬೇಕು, ಗುಂಡಿ ತೋಡಬೇಕು,
ಎದೆಗೆ ಮಣ್ಣು ತಾಕಬೇಕು. ಬರೆದಿದ್ದೆನಲ್ಲ.’

ಬರೆದಿದ್ದಳು. ಚಹಾದ ಕೆಳಗೆ.

ಫರ್ಗಸ್ ಕನ್ನಡಕ ತೆಗೆದ,
ಹೊಟ್ಟು ಊದಿದ, ಮತ್ತೆ ಹಾಕಿಕೊಂಡ.
ಕೊಡತಿ ಎಲ್ಲಿ ಎಂದ.
ಬಿಡದಂತೆ ಕೂಡಿಸಿದ್ದನ್ನು ಬಿಡಿಸಲು
ಕೂಡಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.
ಹಲ್ಲಿಗೆ ಹಲ್ಲು ಕಚ್ಚಿದ ಮರ ಕಿರುಗುಟ್ಟುವಾಗ
ಯಾರೂ ನಗಲಿಲ್ಲ, ಬೆವನ್ ಕೂಡ.
ಹದಿಮೂರನೆಯ ಪೆಟ್ಟಿಗೆಯ ಹೊತ್ತಿಗೆ ಫರ್ಗಸ್ಸೇ ನಕ್ಕ:
‘ಅರಮನೆ ಕಟ್ಟಿದೆ, ಅವಕ್ಕೆ ಹಿತ್ತಿಲು ಬೇಕಿತ್ತು.’

ಗೂಡುಗಳನ್ನು ಹೊತ್ತು ದಡದ ನಾರುಗಿಡಗಳ ಬುಡದಲ್ಲಿಟ್ಟೆವು.
ಸೆಪ್ಟೆಂಬರಿನ ಒಂದು ರಾತ್ರಿ ಕೆಂಪು ದೀಪ ಹಿಡಿದು ಹೋದಾಗ
ಹದಿನೇಳರಿಂದ ಗೊರಕೆಯಂಥ ಗದರಿಕೆ.
ಒಂಬತ್ತರಲ್ಲಿ ಎರಡು ಮೊಟ್ಟೆ.
ಆರರಲ್ಲಿ ಯಾರೋ ಬಿಟ್ಟುಹೋದ ಎಡಗಾಲ ಚಪ್ಪಲಿ.

ನೆಲಗಳ ಅಂಚು ತೀಡಿ, ಎಣ್ಣೆ ಉಜ್ಜಿ
ಶಾಲೆಯ ಮಾರಾಟಕ್ಕಿಟ್ಟೆವು, ತಲಾ ಇಪ್ಪತ್ತು ಡಾಲರು.
ಗ್ರಂಥಾಲಯದ ಇಳಿಜಾರಿಗೆ ಕೈಪಿಡಿ ಬಂದದ್ದು ಹಾಗೆ.
ಒಂದನ್ನು ನಾನೇ ಕೊಂಡೆ. ಖಜಾಂಚಿಗೆ ರಿಯಾಯಿತಿ ಇಲ್ಲ.

ಈಗ ಸಂಜೆ ಅದರ ಮೇಲೆ ಟೊಮೇಟೊ ಹೆಚ್ಚುತ್ತೇನೆ.
ಫರ್ಗಸ್ ಯೋಚಿಸಿದಂತೆಯೇ
ರಸ ಓರೆ ಹಿಡಿದು ಇಳಿಯುತ್ತದೆ, ಕಾಲುವೆಗೆ ಸೇರುತ್ತದೆ,
ಸುಟ್ಟ ಒಂಬತ್ತನ್ನು ಸುತ್ತಿಕೊಂಡು.
ಹೊರಗೆ ಕತ್ತಲಾದ ಮೇಲೆ
ಆ ಮನೆಯವರು ಕಡಲಿಂದ ಮರಳುವ ಸದ್ದು.
ಅವರ ನೆಲ ನನ್ನಲ್ಲಿದೆ. ಅವರು ಕೇಳಿಲ್ಲ.