ಚುಕ್ತಾ

ಫೈನಾನ್ಸ್ ಹುಡುಗ ಮೊದಲನೇ ಸಲ ಬಂದಾಗ
ಚಪ್ಪಲಿ ಹೊರಗ ಬಿಟ್ಟಿದ್ದ. ಚಹಾ ಕೊಟ್ಟೆ.
ಆರನೇ ಸಲ ಬಿಡಲಿಲ್ಲ. ನಾನೂ ಕೊಡಲಿಲ್ಲ.

ಎಂಬತ್ತು ಸಾವಿರದ್ದು; ಬಡ್ಡಿ, ದಂಡ, ದಂಡದ ಮ್ಯಾಲಿನ ಬಡ್ಡಿ ಸೇರಿ
ಒಂದು ಲಕ್ಷ ಹದಿನೆಂಟು ಆಗಿತ್ತು.
ಶಾಲಿ ಯೂನಿಫಾರ್ಮಿನ ಕೆಲಸ ಬ್ಯಾರೆಯವರ ಪಾಲಾಗಿ
ಹೊಸಾ ಓವರ್‌ಲಾಕ್ ಮಷಿನ್ ಮ್ಯಾಲ ಬೆಕ್ಕು ಮಲಗತಿತ್ತು.

ನವನಗರದ ಆಫೀಸಿನ್ಯಾಗ ಮ್ಯಾನೇಜರ್
ಕಂಪ್ಯೂಟರ್ ನನ್ನ ಕಡೆ ತಿರುವಲೇ ಇಲ್ಲ.
ನಲವತ್ತು ಅಂದೆ.
ನಕ್ಕ. ತೊಂಬತ್ತು ಅಂದ.
ಕುಪ್ಪಸದ ಹೊಲಿಗಿಗೆ ಹತ್ತು ರೂಪಾಯಿ ಬಿಡಸಾಕ
ಅರ್ಧ ತಾಸು ನಿಲ್ಲೂ ಹೆಣ್ಮಕ್ಕಳನ್ನ
ಮೂವತ್ತು ವರ್ಷ ಕಂಡಾಕಿ ನಾನು.
ಸುಮ್ಮನ ಕುಂತೆ.
ಸುಮ್ಮನ ಕುಂಡ್ರೂದೂ ಬೆಲಿ ಹೇಳೂ ಒಂದು ರೀತಿ.
ಅಂವ ಎರಡು ಸಲ ಹುಬ್ಬಳ್ಳಿಗೆ ಫೋನ್ ಹಚ್ಚಿದ.
ಐವತ್ತೆರಡಕ್ಕ ಬಂದು ನಿಂತಿತು.

ಮಷಿನ್ ಮಾರಿದೆ, ಬೆಂಡ್ವಾಲಿ ಮಾರಿದೆ, ಕಟ್ಟಿದೆ.
ಕೊಟ್ಟ ಕಾಗದ ಮಗಳು ಓದಿದಳು: ಸೆಟಲ್ಡ್.
ಅಂದ್ರ ತೀರಿತೇನ?
ಇಲ್ಲವ್ವ, ತೀರಿದ್ರ ಕ್ಲೋಸ್ಡ್ ಅಂತ ಬರೀತಾರ.
ಇದು ಪೂರಾ ಕೊಡಲಾರದವರಿಗೆ.
ಇನ್ನೂ ಏಸೋ ವರ್ಷ ಯಾವ ಬ್ಯಾಂಕಿನ್ಯಾಗ ಹೆಸರು ಹೊಡದರೂ
ಇದ ಅಕ್ಷರ ಎದ್ದು ನಿಲ್ಲತೈತಿ.
ಉಚ್ಚಿದ ಹೊಲಿಗಿಯ ತೂತು,
ಇಸ್ತ್ರಿ ಮಾಡಿದರ ಹೋಗೂದಿಲ್ಲಲ್ಲ, ಹಂಗ.

ಆ ರಾತ್ರಿ ನಿದ್ದಿ ಬರಬೇಕಿತ್ತು.
ವೆಂಕೂಸಾ ನೆನಪಾದ.

ಹಳೇ ಬಾಗಲಕೋಟಿ ಮುಳಗೂ ಮೊದಲು
ಗುಳೇದಗುಡ್ಡದ ಖಣ, ಜರಿ ಅಂಚು, ದಾರದುಂಡಿ
ಎಲ್ಲಾ ಉದ್ರಿ ಕೊಟ್ಟ ಅಂಗಡಿ ಅಂವಂದು.
ಮೂರು ಸಾವಿರದ ಮುನ್ನೂರಾ ನಲವತ್ತು, ನನ್ನ ಬಾಕಿ.
ಆಗ ಅದು ಮುಕ್ಕಾಲು ತೊಲಿ ಬಂಗಾರ.
ಪರಿಹಾರ ಬಂತು. ಮಂದಿ ಬಾಗಲಾ ಚೌಕಟ್ಟು ಕಿತಗೊಂಡು ಹೋದರು.
ಅಂವ ಸೊಲ್ಲಾಪುರಕ್ಕ, ನಾನು ಸೆಕ್ಟರಿಗೆ.
ಕೆಂಪು ಬಟ್ಟಿ ಹೊದಿಕಿಯ ಖಾತೆ ಪುಸ್ತಕ
ಅಟ್ಟದ ಮ್ಯಾಲ ಉಳದು ನೀರಪಾಲಾತಂತ.
ಸುದ್ದಿ ಕೇಳಿ ಅಯ್ಯ ಪಾಪ ಅಂದೆ.
ಒಳಗ ಒಂದು ದೀಪಾ ಹಚ್ಚಿದೆ. ಸುಳ್ಳ ಯಾಕ ಹೇಳಲಿ.

ಈಗ ಅಂವ ಇಲ್ಲ. ಮಗಳು ತುಳಜಾಬಾಯಿ
ಬಸ್ ಸ್ಟ್ಯಾಂಡ್ ಹಿಂದ ಗುಂಡಿ, ಹುಕ್ಕು, ಸೀರಿ ಫಾಲ್ ಮಾರತಾಳ.
ತಿಂಗಳಿಗೆರಡು ಸಲ ಹೋಗತೇನಿ.
ಡಜನ್ ಗುಂಡಿಗೆ ಎರಡು ರೂಪಾಯಿ ಬಿಡಸತೇನಿ.
ಅಕಿಗೆ ಏನೂ ಗೊತ್ತಿಲ್ಲ.
ಆ ಲೆಕ್ಕ ಈ ಭೂಮಿ ಮ್ಯಾಲ
ನನ್ನ ತಲಿಯೊಳಗ ಅಷ್ಟ ಐತಿ.

ಯಾರ ಜೋಡಿ ಚೌಕಾಸಿ ಮಾಡಲಿ?
ಫೈನಾನ್ಸಿನ ಬಡ್ಡಿ ಹಿಡಿದರ ನಾನು ಮುಳಗತೇನಿ,
ಬಂಗಾರದ ಲೆಕ್ಕ ಹಿಡಿದರ ಮನೀನ ಮುಳಗತೈತಿ.
ಎರಡೂ ಕಡೆ ನಾನ ಕುಂತೆ.
ಈ ಕಡೆಯಿಂದ ಐದು ಅಂದೆ, ಆ ಕಡೆಯಿಂದ ನಕ್ಕೆ.
ನಸುಕಿನ್ಯಾಗ ಹದಿನೈದು ಸಾವಿರಕ್ಕ ಒಪ್ಪಿದೆ.
ಮುಂಜಾನೆ ಎಂಟು ತಗೊಂಡು ಹೊಂಟೆ.
ಇಷ್ಟ ಸಾಕಂತ
ಬಸ್ಸಿನ್ಯಾಗ ತೀರ್ಮಾನಾ ಆಗಿತ್ತು.

ತುಳಜಾಬಾಯಿ ಕತ್ತರಿ ಕೆಳಗಿಟ್ಟು ಎಲ್ಲಾ ಕೇಳಿದಳು.
ನೋಟು ಎಣಿಸಿದಳು. ಮತ್ತ ಎಣಿಸಿದಳು.
ಅಪ್ಪನ ಹೆಸರು ಬಂತಂತ ಅಳತಾಳ ಅನಕೊಂಡಿದ್ದೆ.
ಗಲ್ಲಾದಾಗ, ಮಡಚಿಟ್ಟ ಲೈಟ್ ಬಿಲ್ಲಿನ ಮ್ಯಾಲ ಹಾಕಿದಳು.
ಆಮ್ಯಾಲ ಎಷ್ಟು ಡಜನ್ ಅಂತ ಕೇಳಿದಂಗ ಕೇಳಿದಳು:
"ಇಷ್ಟ ಏನ್ರಿ? ಚುಕ್ತಾ ಆತೇನು?"

ಹೂಂ ಅಂದಿದ್ದರ ಆಗತಿತ್ತು.
ನೀರಾಗಿಂದ ಯಾರೂ ಎದ್ದು ಬರತಿರಲಿಲ್ಲ.
ಹುಕ್ಕಿನ ಪಾಕೀಟು ತಿರುವಿ ಮುರುವಿ ನೋಡಿದೆ.

ಇಲ್ಲ, ಇನ್ನ ಏಳು ಐತಿ ಅಂದೆ.
ದೀಪಾವಳಿ ಹೊಲಿಗಿ ಮುಗೀಲಿ.

"ಬರಕೊಳ್ಳಲೇನು?" ಅಂತ
ಗುಂಡಿ ಡಬ್ಬಿಯ ರಟ್ಟು ಹರದು ಬರದಳು:
ಕಶವ್ವ, ಏಳು ಸಾವಿರ.
ಪೆನ್ನು ಇಸಗೊಂಡು
ನಾನ ದೀರ್ಘ ಎಳದೆ.